ಅರ್ಧ ಕಟ್ಟಿದ ಗೂಡು: ಸಲೀಂ ಅಲಿ ನಡೆದ ದಾರಿಯಲ್ಲಿ ಆರು ದಿನ

ಇದೆಲ್ಲ ಶುರುವಾಗಿದ್ದು ಒಂದು ಗೂಡಿನಿಂದ. ಸೆಪ್ಟೆಂಬರಿನ ಒಂದು ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ರಂಗನತಿಟ್ಟಿಗೆ ಹೋಗಿದ್ದೆ. ವಾಪಸ್ ಬರುವಾಗ ಪಾಲಹಳ್ಳಿ ಹತ್ತಿರ ಗದ್ದೆಯ ಬದುವಿನ ಮೇಲೆ ಅವನಿಗೆ ಗೀಜಗನ ಗೂಡೊಂದು ಸಿಕ್ಕಿತು. ಪೂರ್ತಿ ಗೂಡಲ್ಲ. ಬೋರಲು ಹಾಕಿದ ಬಟ್ಟಲಿನ ಹಾಗೆ ಮೇಲಿನ ಭಾಗ ಮಾತ್ರ. ಕೆಳಗೆ ಅಡ್ಡಕ್ಕೆ ಹುಲ್ಲಿನದೇ ಒಂದು ಪಟ್ಟಿ. ಹೆಲ್ಮೆಟ್ಟು, ಅದರ ಬೆಲ್ಟು ಇದ್ದ ಹಾಗೆ.

“ಚಿಕ್ಕಮ್ಮ, ಇದನ್ನ ಯಾಕೆ ಅರ್ಧಕ್ಕೇ ಬಿಟ್ಟಿದೆ?”

“ಗಾಳಿಗೆ ಹರಿದು ಬಿದ್ದಿರಬೇಕು ಕಣೋ ಪುಟ್ಟ.”

“ಹರಿದಿಲ್ಲ. ನೋಡು, ಅಂಚೆಲ್ಲ ನೀಟಾಗಿ ನೇಯ್ದಿದೆ. ಬೇಕು ಅಂತಲೇ ನಿಲ್ಲಿಸಿದೆ.”

ಅವನು ಹೇಳಿದ್ದು ಸರಿಯಾಗಿತ್ತು. ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಹನ್ನೆರಡು ವರ್ಷದ ಹುಡುಗ ಕಣ್ಣಿಟ್ಟು ನೋಡಿದ್ದನ್ನು ನಾನು ನೋಡಿರಲಿಲ್ಲ. ಆ ರಾತ್ರಿ ಹುಡುಕಿ ಓದಿದೆ. ಇದೇ ಪ್ರಶ್ನೆಯನ್ನು ಸುಮಾರು ತೊಂಬತ್ತೈದು ವರ್ಷದ ಹಿಂದೆ ಒಬ್ಬರು ಕೇಳಿ, ತಿಂಗಳುಗಟ್ಟಲೆ ಮರದ ಮುಂದೆ ಕೂತು ಉತ್ತರ ಕಂಡುಕೊಂಡಿದ್ದರು. ಅವರೇ ಪಕ್ಷಿತಜ್ಞ ಸಲೀಂ ಅಲಿ. ನಾವು ಅವತ್ತು ಬೆಳಿಗ್ಗೆ ದೋಣಿಯಲ್ಲಿ ಸುತ್ತಿದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಕಾರಣರಾದವರೂ ಅವರೇ.

ಅವರು ಕೂತ ಜಾಗಗಳನ್ನು ಇವನಿಗೆ ತೋರಿಸಬೇಕು ಅನ್ನಿಸಿತು. ನವೆಂಬರಿನಲ್ಲಿ ರಜೆ ಹಾಕಿ ಇಬ್ಬರೂ ಹೊರಟೆವು. ಪುಟ್ಟ ಆ ಗೂಡನ್ನು ಒಂದು ಶೂ ಡಬ್ಬಿಯಲ್ಲಿಟ್ಟುಕೊಂಡು ಜೊತೆಗೇ ತಂದ.

ಮೊದಲನೇ ದಿನ: ಖೇತ್‌ವಾಡಿ

ದಾದರ್‌ನಲ್ಲಿ ರೈಲು ಇಳಿದು, ಸ್ನಾನ ತಿಂಡಿ ಮುಗಿಸಿ, ಲೋಕಲ್ ಹತ್ತಿ ಗ್ರಾಂಟ್ ರೋಡಿಗೆ ಬಂದೆವು. ಅಲ್ಲಿಂದ ಖೇತ್‌ವಾಡಿಗೆ ನಡೆದೇ ಹೋಗಬಹುದು. ಖೇತ್ ಎಂದರೆ ಹೊಲ. ಈಗ ಹೊಲದ ಸುಳಿವೂ ಇಲ್ಲ. ನಂಬರ್ ಹಾಕಿದ ಓಣಿಗಳು, ಹಳೆಯ ಚಾಳುಗಳು, ಮೆಟ್ಟಿಲ ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ಒಣಹಾಕಿದ ಬಟ್ಟೆ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಬೊಂಬಾಯಿಯಲ್ಲಿ. ಮನೆಯ ಮಕ್ಕಳಲ್ಲಿ ಎಲ್ಲರಿಗಿಂತ ಕೊನೆಯವರು. ವರ್ಷ ತುಂಬುವಷ್ಟರಲ್ಲಿ ತಂದೆ ಹೋದರು, ಮೂರನೇ ವಯಸ್ಸಿಗೆ ತಾಯಿ. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಅವರಿಗೆ ಮಕ್ಕಳಿರಲಿಲ್ಲ. ತಬ್ಬಲಿ ಮಕ್ಕಳನ್ನು ಅವರೇ ಇದೇ ಖೇತ್‌ವಾಡಿಯ ಮನೆಯಲ್ಲಿ ಸಾಕಿದರು.

ಆ ಕಾಲದಲ್ಲಿ ಉಳ್ಳವರ ಮನೆ ಹುಡುಗರಿಗೆ ಏರ್‌ಗನ್ ಕೊಡಿಸುವುದು ಮಾಮೂಲು. ಸಲೀಂಗೂ ಒಂದಿತ್ತು. ಮನೆಯ ಕುದುರೆ ಲಾಯದ ಗೋಡೆಯ ತೂತಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟಿತ್ತು. ಒಳಗೆ ಹೆಣ್ಣು ಕಾವಿಗೆ ಕೂತಿರುತ್ತಿತ್ತು, ಹೊರಗೆ ಮೊಳೆಯ ಮೇಲೆ ಗಂಡು. ಹುಡುಗ ಗಾಡಿಯ ಮರೆಯಲ್ಲಿ ಕೂತು ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಡು ಬಂದು ಅದೇ ಮೊಳೆಯ ಮೇಲೆ ಕೂತಿತು. ಅದನ್ನೂ ಹೊಡೆದ. ಮತ್ತೊಂದು ಬಂತು. ಏಳು ದಿನದಲ್ಲಿ ಎಂಟು ಗಂಡು ಗುಬ್ಬಿಗಳು. ಇದನ್ನು ಆ ಹುಡುಗ ಬರೆದಿಟ್ಟುಕೊಂಡ. 1906-07ರ ಮಾತು. ಸುಮಾರು ಅರವತ್ತು ವರ್ಷದ ಮೇಲೆ ಆ ಟಿಪ್ಪಣಿಯನ್ನು ಅವರು ಇದ್ದ ಹಾಗೇ ಅಚ್ಚು ಹಾಕಿಸಿದರು.

ಪುಟ್ಟನಿಗೆ ಇದನ್ನು ಒಂದು ಓಣಿಯ ಕೊನೆಯಲ್ಲಿ ಕಬ್ಬಿನ ಹಾಲು ಕುಡಿಯುತ್ತಾ ಹೇಳಿದೆ. ಅವನ ಮುಖ ಸಣ್ಣಗಾಯಿತು.

“ಎಂಟು ಗುಬ್ಬಿ ಕೊಂದವರನ್ನ ನಾವು ಯಾಕೆ ಹುಡುಕಿಕೊಂಡು ಬಂದಿದ್ದೀವಿ ಚಿಕ್ಕಮ್ಮ?”

ತಕ್ಷಣ ಉತ್ತರ ಕೊಡಲಿಲ್ಲ. ಕೊಡಬಾರದು ಅನ್ನಿಸಿತು. ಒಳ್ಳೆಯ ಪ್ರಶ್ನೆ, ನಾಲ್ಕು ದಿನ ಅವನ ಜೊತೆಗೇ ಇರಲಿ. ಓಣಿಯಲ್ಲಿ ಗುಬ್ಬಚ್ಚಿಗಳಿದ್ದವು. ಕರೆಂಟ್ ಮೀಟರ್ ಬೋರ್ಡಿನ ಹಿಂದೆ ಒಂದು ಜೋಡಿ ಹೋಗಿ ಬಂದು ಮಾಡುತ್ತಿತ್ತು. ಹತ್ತು ನಿಮಿಷ ನಿಂತು ನೋಡಿದೆವು. ಗಂಡು ಹೊರಗೇ ಕೂತಿತ್ತು.

ಎರಡನೇ ದಿನ: ಹಾರ್ನ್‌ಬಿಲ್ ಹೌಸ್

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಮೊದಲೇ ಪತ್ರ ಬರೆದು ಅನುಮತಿ ಕೇಳಿದ್ದೆ. 1883ರಲ್ಲಿ ಶುರುವಾದ ನಿಸರ್ಗ ಅಧ್ಯಯನದ ಸಂಸ್ಥೆ ಇದು. ಇದರ ಕಟ್ಟಡ ಹಾರ್ನ್‌ಬಿಲ್ ಹೌಸ್ ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ, ನೌಕಾಪಡೆಯ ಲಯನ್ ಗೇಟ್ ಎದುರಿಗೆ ಇದೆ. ಬೋರ್ಡಿನ ಮೇಲೆ ದೊಡ್ಡ ದಾಸ ಮಂಗಟ್ಟೆಯ, ಅಂದರೆ ಹಾರ್ನ್‌ಬಿಲ್‌ನ ಚಿತ್ರ.

ಆ ಮಂಗಟ್ಟೆ ಸುಮ್ನೆ ಬಂದದ್ದಲ್ಲ. ಅದು ನಮ್ಮ ಕಾರವಾರದ ಹಕ್ಕಿ! 1894ರಲ್ಲಿ ಮರಿಯಾಗಿದ್ದಾಗ ಕಾರವಾರದಿಂದ ಯಾರೋ ಸೊಸೈಟಿಗೆ ಕೊಟ್ಟರು. ಆಗ ಸೊಸೈಟಿ ಇದ್ದದ್ದು ಫಿಪ್ಸನ್ ಎಂಬ ವೈನ್ ವ್ಯಾಪಾರಿಯ ಅಂಗಡಿಯಲ್ಲಿ. ಅವನ ಕುರ್ಚಿಯ ಹಿಂದೆ ಪಂಜರದಲ್ಲಿ ಈ ಹಕ್ಕಿ. ವಿಲಿಯಂ ಅಂತ ಹೆಸರಿಟ್ಟಿದ್ದರು. ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ. 26 ವರ್ಷ ಅಲ್ಲೇ ಇದ್ದು 1920ರಲ್ಲಿ ಸತ್ತಿತು. ಸೊಸೈಟಿಯ ಗುರುತಾಗಿ ಇವತ್ತಿಗೂ ಉಳಿದಿದೆ. ನಮ್ಮ ಘಟ್ಟದ ಕಾಡಿನಲ್ಲಿ ಹಾರಬೇಕಾಗಿದ್ದ ಹಕ್ಕಿ ಅಂಗಡಿಯ ಪಂಜರದಲ್ಲಿ ಆಯುಸ್ಸು ಕಳೆಯಿತಲ್ಲ ಎಂದು ನನಗೆ ನೋವಾಯಿತು. ಚೆಂಡಿನ ಕತೆ ಕೇಳಿದ ಪುಟ್ಟನೂ ಮಾತಾಡಲಿಲ್ಲ.

ಒಳಗೆ ಒಬ್ಬ ಮೇಡಂ ನಮ್ಮನ್ನು ಸಂಗ್ರಹದ ಕೋಣೆಗೆ ಕರೆದುಕೊಂಡು ಹೋದರು. ಎತ್ತರದ ಕಬ್ಬಿಣದ ಬೀರುಗಳು, ನುಸಿಗುಳಿಗೆ ವಾಸನೆ. ಒಂದು ತಟ್ಟೆ ಎಳೆದರು. ಮೂವತ್ತು ನಲವತ್ತು ಹಕ್ಕಿಗಳು ಅಂಗಾತ ಮಲಗಿದ್ದವು. ಕಣ್ಣಿನ ಜಾಗದಲ್ಲಿ ಹತ್ತಿ. ರೆಕ್ಕೆ ಮೈಗೆ ಅಂಟಿಸಿದ ಹಾಗೆ ಮಡಚಿದೆ. ಒಂದೊಂದರ ಕಾಲಿಗೂ ದಾರದಲ್ಲಿ ಕಟ್ಟಿದ ಚೀಟಿ. ಹೊಡೆದ ಊರು, ತಾರೀಖು, ಗಂಡೋ ಹೆಣ್ಣೋ, ಹೊಡೆದವರ ಹೆಸರು. ಸಣ್ಣ ಅಕ್ಷರ, ಕಂದಿದ ಶಾಯಿ.

“ಹಳದಿ ಕತ್ತಿನ ಗುಬ್ಬಿ ಇದೆಯಾ?” ಎಂದು ಪುಟ್ಟ ತಾನು ಕಲಿತ ಹಿಂದಿಯಲ್ಲಿ ಕೇಳಿದ. ಮೇಡಂ ನಕ್ಕು ಇನ್ನೊಂದು ತಟ್ಟೆ ಎಳೆದರು.

ನೋಡಿದರೆ ಮಾಮೂಲಿ ಹೆಣ್ಣು ಗುಬ್ಬಚ್ಚಿಯ ಹಾಗೇ. ಬೂದು ಕಂದು ಮೈ. ಕತ್ತಿನ ಮೇಲೆ ಮಾತ್ರ ಅರಿಸಿನದ ಕೈ ತಾಗಿದ ಹಾಗೆ ಒಂದು ಕಲೆ. ಭುಜದಲ್ಲಿ ಸ್ವಲ್ಪ ಕೆಂಗಂದು. ಅಷ್ಟೇ. ಒಬ್ಬ ಮನುಷ್ಯನ ಬದುಕು ತಿರುಗಿದ್ದು ಈ ಅರಿಸಿನದ ಕಲೆಯಿಂದ.

ಸಲೀಂಗೆ ಹತ್ತು ಹನ್ನೆರಡು ವರ್ಷ. ಇಂಥ ಒಂದು ಗುಬ್ಬಿಯನ್ನು ಹೊಡೆದ. ಕತ್ತಿನ ಬಣ್ಣ ಬೇರೆ ಇದೆ ಎಂದು ಗೊತ್ತಾದ ಮೇಲೆ, ಇದು ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಅನುಮಾನ ಬಂತು. ಮಾವನ ಹತ್ತಿರ ಹೋದ. ಮಾವನಿಗೂ ಗುರುತು ಸಿಗಲಿಲ್ಲ. ಗೊತ್ತಿದ್ದವರ ಹಾಗೆ ಏನೋ ಒಂದು ಹೇಳಿ ಅವರು ಕಳಿಸಿಬಿಡಲಿಲ್ಲ. ಸೊಸೈಟಿಯ ಗೌರವ ಕಾರ್ಯದರ್ಶಿ ಮಿಲಾರ್ಡ್‌ಗೆ ಒಂದು ಪತ್ರ ಬರೆದು, ಹಕ್ಕಿಯ ಜೊತೆ ಹುಡುಗನನ್ನು ಕಳಿಸಿದರು.

1908ರ ಬೊಂಬಾಯಿ. ಬಿಳಿಯರ ಆಫೀಸು. ಕಾಗದದಲ್ಲಿ ಸತ್ತ ಗುಬ್ಬಿ ಸುತ್ತಿಕೊಂಡು ಬಾಗಿಲಲ್ಲಿ ಹೆದರಿ ನಿಂತ ಹುಡುಗ. ಮಿಲಾರ್ಡ್ ಅವನನ್ನು ಒಳಗೆ ಕರೆದರು. ಇದು ಹಳದಿ ಕತ್ತಿನ ಗುಬ್ಬಿ ಎಂದು ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ ಬೀರುಗಳನ್ನು ತೆಗೆದು ಒಂದೊಂದೇ ತಟ್ಟೆ ಎಳೆದು, ಎಷ್ಟೊಂದು ಬಗೆಯ ಹಕ್ಕಿಗಳಿವೆ ನೋಡು ಎಂದು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಮುಂದೆ ಹಕ್ಕಿಯ ಚರ್ಮ ಸುಲಿದು ಹತ್ತಿ ತುಂಬಿ ಕಾಪಿಡುವುದನ್ನೂ ಅಲ್ಲೇ ಕಲಿಸಲಾಯಿತು. ದೊಡ್ಡವರಾದ ಮೇಲೆ ಬರೆದ ಆತ್ಮಕಥೆಗೆ ಸಲೀಂ ಅಲಿ ಈ ಗುಬ್ಬಿಯನ್ನು ನೆನೆದೇ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ ಎಂದು ಹೆಸರಿಟ್ಟರು.

ಮೇಡಂ ತಟ್ಟೆ ಒಳಗೆ ತಳ್ಳುವ ಮೊದಲು ಪುಟ್ಟ ತನ್ನ ಶೂ ಡಬ್ಬಿ ಬಿಚ್ಚಿದ. ಅವರು ಕನ್ನಡಕ ಹಾಕಿಕೊಂಡು ಗೂಡನ್ನು ತಿರುಗಿಸಿ ತಿರುಗಿಸಿ ನೋಡಿದರು. “ಎಲ್ಲಿ ಸಿಕ್ಕಿತು? ಯಾವತ್ತು? ಯಾವ ಮರದ ಕೆಳಗೆ?” ಎಂದು ಕೇಳಿದರು. ತಾರೀಖು ಅವನಿಗೆ ನೆನಪಿರಲಿಲ್ಲ. “ಚೀಟಿ ಕಟ್ಟದೇ ಇದ್ದರೆ ಇದು ಬರೀ ಹುಲ್ಲು” ಎಂದರು ಮೆತ್ತಗೆ. ಸಂಜೆ ರೂಮಿಗೆ ಬಂದವನೇ ನನ್ನ ಮೊಬೈಲಿನ ಫೋಟೋ ನೋಡಿ ತಾರೀಖು ಹುಡುಕಿ, ಚೀಟಿ ಬರೆದು ಕಟ್ಟಿದ.

ಮಧ್ಯಾಹ್ನ ಹತ್ತಿರದಲ್ಲೇ ಇರುವ ದೊಡ್ಡ ಮ್ಯೂಸಿಯಂಗೆ ಹೋಗಿದ್ದೆವು. ಆಗ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಈಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಇಲ್ಲಿಯ ಪ್ರಾಣಿ ವಿಭಾಗದಲ್ಲಿ ಸಲೀಂ ಅಲಿಗೆ 1926ರಲ್ಲಿ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ. ಅಲ್ಲಿಯವರೆಗಿನ ದಾರಿ ನೆಟ್ಟಗಿರಲಿಲ್ಲ. ಕಾಲೇಜು ಅರ್ಧಕ್ಕೇ ಬಿಟ್ಟು ಬರ್ಮಾದ ತವೊಯ್‌ಗೆ ಹೋಗಿ ಮನೆಯವರ ಟಂಗ್‌ಸ್ಟನ್ ಗಣಿ, ಮರದ ವ್ಯಾಪಾರ ನೋಡಿಕೊಂಡರು. ವ್ಯಾಪಾರಕ್ಕಿಂತ ಕಾಡು ಸುತ್ತಿದ್ದೇ ಜಾಸ್ತಿ. ವಾಪಸ್ ಬಂದು ಲೆಕ್ಕಪತ್ರ ಓದಿದರು. ಜೊತೆಜೊತೆಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಬ್ಲಾಟರ್ ಒತ್ತಾಯಕ್ಕೆ ಪ್ರಾಣಿಶಾಸ್ತ್ರ. ಯೂನಿವರ್ಸಿಟಿ ಡಿಗ್ರಿ ಇಲ್ಲ ಎಂಬ ಕಾರಣಕ್ಕೆ ಸರ್ಕಾರಿ ಪಕ್ಷಿತಜ್ಞನ ಹುದ್ದೆ ಕೈತಪ್ಪಿತು. 1928ರಲ್ಲಿ ರಜೆ ಹಾಕಿ ಬರ್ಲಿನ್‌ಗೆ ಹೋಗಿ ಅಲ್ಲಿಯ ಪಕ್ಷಿತಜ್ಞ ಎರ್ವಿನ್ ಸ್ಟ್ರೆಸೆಮನ್ ಹತ್ತಿರ ಕಲಿತರು. ಕೊನೆಯವರೆಗೂ ಅವರನ್ನೇ ಗುರು ಎಂದರು. 1930ರಲ್ಲಿ ಮರಳಿದಾಗ ಮ್ಯೂಸಿಯಂ ಕೆಲಸವೇ ಇರಲಿಲ್ಲ. ದುಡ್ಡಿಲ್ಲ ಎಂದು ಹುದ್ದೆಯನ್ನೇ ತೆಗೆದುಹಾಕಿದ್ದರು.

ಆಗ ಅವರಿಗೆ 33 ವರ್ಷ. ಕೈಯಲ್ಲಿ ಕೆಲಸವಿಲ್ಲ. ಹೆಂಡತಿ ತೆಹ್ಮಿನಾ ಜೊತೆ ಸಮುದ್ರದ ಆಚೆ ದಡದ ಒಂದು ಹಳ್ಳಿಗೆ ಹೋದರು.

ಮೂರನೇ ದಿನ: ಕಿಹಿಂ

ಬೆಳಿಗ್ಗೆ ಗೇಟ್‌ವೇಯಿಂದ ಲಾಂಚ್ ಹತ್ತಿದೆವು. ಮಾಂಡವಾಕ್ಕೆ ಒಂದು ಗಂಟೆ. ದಾರಿಯುದ್ದಕ್ಕೂ ಕಡಲಹಕ್ಕಿಗಳು ಹಿಂದೆ ಬಂದವು. ಜನ ಎಸೆಯುವ ಕುರುಕಲು ತಿಂಡಿಗೆ ಬರುತ್ತವೆ. ಪುಟ್ಟ ಎಸೆಯಲಿಲ್ಲ, ಪಕ್ಕದವರಿಗೂ ಬೇಡ ಅಂದ. ಮಾಂಡವಾದಿಂದ ಅಲಿಬಾಗ್ ಬಸ್ಸು. ಚೋಂಡಿಯಲ್ಲಿ ಇಳಿದು ಆಟೋ ಹಿಡಿದರೆ ಕಿಹಿಂ.

ಕರಾವಳಿಯವರಿಗೆ ಇದು ಹೊಸ ಊರು ಅನ್ನಿಸುವುದೇ ಇಲ್ಲ. ತೆಂಗು, ಅಡಿಕೆ, ಕೆಂಪು ಹೆಂಚು, ಮನೆ ಮುಂದೆ ಬಾವಿ, ದಡದಲ್ಲಿ ಗಾಳಿ ಮರ. ಕುಂದಾಪುರದ ಕಡೆಯ ಯಾವುದೋ ಊರಿಗೆ ಬಂದ ಹಾಗಾಯಿತು. ಈಗ ದಡದ ಹತ್ತಿರವೆಲ್ಲ ದೊಡ್ಡವರ ಬಂಗಲೆಗಳ ಕಾಂಪೌಂಡು. ಹಿಂದಿನ ಓಣಿಗಳಲ್ಲಿ ಮಾತ್ರ ಹಳೆಯ ಹಳ್ಳಿ ಹಾಗೇ ಇದೆ.

ಒಂದು ಬಾವಿಯ ಪಕ್ಕದ ಈಚಲು ಮರದಲ್ಲಿ ಪುಟ್ಟನೇ ಮೊದಲು ಕಂಡ. “ಚಿಕ್ಕಮ್ಮ, ಗೀಜಗ!” ಹಕ್ಕಿಗಳಿರಲಿಲ್ಲ. ಅವು ಮಳೆಗಾಲದಲ್ಲಿ ಮರಿ ಮಾಡಿ ಗುಂಪು ಕಟ್ಟಿಕೊಂಡು ಗದ್ದೆಗಳ ಕಡೆ ಹೋಗಿರುತ್ತವೆ. ಒಣಗಿ ಕಂದಿದ ಗೂಡುಗಳು ಮಾತ್ರ ಗಾಳಿಗೆ ತೂಗುತ್ತಿದ್ದವು. ಮನೆಯ ಅಜ್ಜಿ ಹೊರಗೆ ಬಂದು ಏನು ಎಂದು ಕೇಳಿದರು. ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಒಳಗೆ ಕರೆದು, ಕೂರಿಸಿ, ಎಳನೀರು ಕೊಟ್ಟರು.

ಪುಟ್ಟ ಎಣಿಸಿದ. ಒಟ್ಟು 23. ಉದ್ದ ಕೊಳವೆ ಇರುವ ಪೂರ್ತಿ ಗೂಡು 14. ಹೆಲ್ಮೆಟ್ಟಿನ ಹಾಗೆ ಅರ್ಧಕ್ಕೇ ನಿಂತವು 9.

1930ರ ಮಳೆಗಾಲದಲ್ಲಿ ಸಲೀಂ ಅಲಿ ನೋಡಿದ್ದು ಇದನ್ನೇ. ಅರ್ಧ ಗೂಡುಗಳ ಬಗ್ಗೆ ಅವತ್ತಿಗೆ ಒಂದು ನಂಬಿಕೆಯಿತ್ತು. ಹೆಣ್ಣು ಕಾವಿಗೆ ಕೂತಾಗ ಗಂಡು ಬೇಸರ ಕಳೆಯಲು ಕಟ್ಟಿಕೊಂಡ ಉಯ್ಯಾಲೆ ಅದು ಅಂತ. ದೊಡ್ಡ ದೊಡ್ಡವರೂ ಹಾಗೇ ಬರೆದಿದ್ದರು. ಕೆಲಸವಿಲ್ಲದೆ ಮನೆಯಲ್ಲಿದ್ದ ಈ ಮನುಷ್ಯ ಗೂಡುಗಳ ಪಕ್ಕ ಏಣಿ ನಿಲ್ಲಿಸಿ, ಅದರ ಮೇಲೆ ಕ್ಯಾನ್ವಾಸಿನ ಮರೆ ಕಟ್ಟಿ, ಒಳಗೆ ಕೂತು ದಿನವೂ ಗಂಟೆಗಟ್ಟಲೆ ನೋಡಿದರು. ಯಾವ ಗೂಡಿಗೆ ಯಾವ ಗಂಡು, ಯಾವ ಹೆಣ್ಣು ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಟ್ಟರು.

ಕಂಡದ್ದು ಇಷ್ಟು. ಗೂಡು ಕಟ್ಟುವುದೆಲ್ಲ ಗಂಡು. ಭತ್ತದ ಗರಿಯನ್ನೋ ಹುಲ್ಲನ್ನೋ ಕೊಕ್ಕಿನಲ್ಲಿ ಕಚ್ಚಿ, ಹಾಗೇ ಹಾರಿ, ಉದ್ದಕ್ಕೆ ಒಂದು ಎಳೆ ಸೀಳಿಕೊಂಡು ಬರುತ್ತದೆ. ಒಂದು ಗೂಡಿಗೆ 500ರಷ್ಟು ಸಲ ಹೋಗಿ ಬರಬೇಕು, ಸುಮಾರು 18 ದಿನದ ಕೆಲಸ. ಆದರೆ ಗಂಡು ಒಂದೇ ಸಮ ಕಟ್ಟಿ ಮುಗಿಸುವುದಿಲ್ಲ. ಹೆಲ್ಮೆಟ್ ಆಕಾರ ಬಂದ ಕೂಡಲೇ ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಬರುತ್ತವೆ. ಗಂಡುಗಳೆಲ್ಲ ತಮ್ಮ ತಮ್ಮ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿದು ಗಲಾಟೆ ಎಬ್ಬಿಸುತ್ತವೆ. ಹೆಣ್ಣು ಒಳಗೆ ಹೊಕ್ಕು, ಎಳೆದು, ಜಗ್ಗಿ, ಕುಕ್ಕಿ ನೋಡುತ್ತದೆ. ಮನೆ ನೋಡಲು ಬಂದವರು ಬಾಗಿಲು ತಳ್ಳಿ, ನಲ್ಲಿ ತಿರುಗಿಸಿ ನೋಡುವುದಿಲ್ಲವೇ, ಹಾಗೆ. ಒಪ್ಪಿದರೆ ಅಲ್ಲೇ ಉಳಿಯುತ್ತದೆ. ಆಮೇಲೆ ಗಂಡು ಮೊಟ್ಟೆಯ ಕೋಣೆ ಮುಗಿಸಿ, ಕೊಳವೆ ಇಳಿಸಿ, ಗೂಡು ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತದೆ, ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಯಾವ ಹೆಣ್ಣೂ ಒಪ್ಪದ ಗೂಡು ಅರ್ಧಕ್ಕೇ ಉಳಿಯುತ್ತದೆ.

1931ರಲ್ಲಿ ಇದು ಸೊಸೈಟಿಯ ಜರ್ನಲ್‌ನಲ್ಲಿ ಅಚ್ಚಾಯಿತು.

ಪುಟ್ಟ ತನ್ನ ಡಬ್ಬಿ ತೆಗೆದ. ಪಾಲಹಳ್ಳಿಯ ಗೂಡನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಒಳಗಿನ ಗೋಡೆಗೆ ಒಣಗಿದ ಮಣ್ಣಿನ ಉಂಡೆ ಅಂಟಿತ್ತು.

“ಹಾಗಾದ್ರೆ ಇದನ್ನ ಯಾರೂ ಒಪ್ಪಲಿಲ್ಲ.”

“ಇರಬಹುದು.”

“ಎಷ್ಟು ಚೆನ್ನಾಗಿ ಕಟ್ಟಿದೆ ಚಿಕ್ಕಮ್ಮ. ಯಾಕೆ ಒಪ್ಪಲಿಲ್ಲ?”

ಅಜ್ಜಿಗೆ ಏನು ಅರ್ಥವಾಯಿತೋ, ಮಣ್ಣಿನ ಉಂಡೆ ತೋರಿಸಿ ಮಿಣುಕುಹುಳದ ಮಾತು ತೆಗೆದರು. ಗೀಜಗ ಹಸಿ ಮಣ್ಣಿಗೆ ಮಿಣುಕುಹುಳ ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತದೆ ಎಂಬ ಕತೆ. ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು, ಸೊರಬದಲ್ಲಿ! ಇಷ್ಟು ದೂರದ ಇಬ್ಬರು ಅಜ್ಜಿಯರ ಬಾಯಲ್ಲಿ ಒಂದೇ ಕತೆ. ಗೂಡು ಗಾಳಿಗೆ ಜಾಸ್ತಿ ಹೊಯ್ದಾಡದಿರಲಿ ಎಂದು ಆ ಮಣ್ಣು ಎನ್ನುವವರಿದ್ದಾರೆ. ಪುಟ್ಟ ಎರಡನ್ನೂ ಬರೆದುಕೊಂಡ. ಮಳೆಗಾಲದಲ್ಲಿ ಪಾಲಹಳ್ಳಿಗೆ ಹೋಗಿ ತಾನೇ ನೋಡುತ್ತೇನೆ ಎಂದ. ನಾಲ್ಕು ಗಂಟೆಗೆ ನಾನು ಸಮುದ್ರಕ್ಕೆ ಹೋಗೋಣ ಎಂದರೂ ಆ ಮರದ ಬುಡ ಬಿಡಲಿಲ್ಲ.

ನಾಲ್ಕನೇ ದಿನ: ರೈಲಿನಲ್ಲಿ

ಬೆಳಿಗ್ಗೆ ಲಾಂಚಿನಲ್ಲಿ ವಾಪಸ್. ಸಂಜೆ ಮುಂಬೈ ಸೆಂಟ್ರಲ್‌ನಿಂದ ರಾಜಸ್ಥಾನದ ಭರತಪುರಕ್ಕೆ ಗೋಲ್ಡನ್ ಟೆಂಪಲ್ ಮೇಲ್. ಹಳೆಯ ಫ್ರಾಂಟಿಯರ್ ಮೇಲ್ ಇದೇ.

ರೈಲಿನಲ್ಲಿ ನನಗೆ ತೆಹ್ಮಿನಾ ಅವರ ನೆನಪೇ ಬರುತ್ತಿತ್ತು. 1918ರಲ್ಲಿ ಮದುವೆಯಾದವರು. ಕಿಹಿಂನ ಬಳಿಕ ಸಲೀಂ ಅಲಿ ಸಂಸ್ಥಾನಗಳಿಗೆ ಒಂದು ಮಾತು ಹೇಳಿದರು: ನನಗೆ ಸಂಬಳ ಬೇಡ, ಕಾಡಿನ ಖರ್ಚು ನೋಡಿಕೊಳ್ಳಿ, ನಿಮ್ಮ ಸೀಮೆಯ ಹಕ್ಕಿಗಳ ಲೆಕ್ಕ ನಾನು ಮಾಡಿಕೊಡುತ್ತೇನೆ. ಹೈದರಾಬಾದ್ ಒಪ್ಪಿತು, ಆಮೇಲೆ ತಿರುವಾಂಕೂರು, ಕೊಚ್ಚಿ. ಡೇರೆ, ಎತ್ತಿನ ಗಾಡಿ, ಸೊಳ್ಳೆ, ಜ್ವರ. ತೆಹ್ಮಿನಾ ಜೊತೆಗೇ ಇದ್ದರು. ಅನುಕೂಲದಲ್ಲಿ ಬೆಳೆದ ಹೆಣ್ಣುಮಗಳು ಸಂಬಳವಿಲ್ಲದ ಗಂಡನ ಜೊತೆ ಕಾಡು ಮೇಡು ಅಲೆದರು. ಆ ಸಮೀಕ್ಷೆಗಳಲ್ಲಿ ಅವರ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ. ಇಬ್ಬರು ಅಲೆದದ್ದನ್ನು ನಾವು ಒಬ್ಬರ ಹೆಸರಿನಲ್ಲಿ ನೆನೆಯುತ್ತೇವೆ.

1939ರಲ್ಲಿ ಒಂದು ಸಣ್ಣ ಆಪರೇಷನ್ ಆದ ಮೇಲೆ ರಕ್ತಕ್ಕೆ ನಂಜೇರಿ ಆಕೆ ತೀರಿಕೊಂಡರು. 1939-40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. ಅಂದರೆ ನಮ್ಮ ಕಾಡುಗಳಿಗೆ ಅವರು ಬಂದದ್ದು ಆ ದುಃಖ ಹಸಿಯಾಗಿದ್ದಾಗ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿ ಗೂಡು ಕಟ್ಟುವುದನ್ನು ನೋಡಿ, ಇದನ್ನು ಕಾಯಲೇಬೇಕು ಎಂದು ಅರಮನೆಯವರಿಗೆ ಹೇಳಿದ್ದು ಆಗಲೇ. ಆ ನಡುಗಡ್ಡೆಗಳು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಯಿಂದ ಆದವು. ರಂಗನತಿಟ್ಟಿಗೆ ಎಷ್ಟೋ ಸಲ ಹೋಗಿದ್ದೇನೆ. ಇನ್ನು ಮುಂದೆ ಹೋದಾಗ ತೆಹ್ಮಿನಾ ನೆನಪಾಗದೆ ಇರುವುದಿಲ್ಲ.

ಕೋಟಾ ದಾಟುವ ಹೊತ್ತಿಗೆ ಬೆಳಗಾಗಿತ್ತು.

ಐದನೇ ದಿನ: ಭರತಪುರ, ಕಲ್ಲಿನ ಫಲಕ

ಮಧ್ಯಾಹ್ನ ಭರತಪುರ. ರೂಮಿನಲ್ಲಿ ಚೀಲ ಇಟ್ಟು ನೇರ ಕೇವಲಾದೇವ್ ಉದ್ಯಾನಕ್ಕೆ ಹೋದೆವು. 29 ಚದರ ಕಿಲೋಮೀಟರ್, ಅಷ್ಟೇನೂ ದೊಡ್ಡದಲ್ಲ. ಒಳಗೆ ಸೈಕಲ್ ರಿಕ್ಷಾ. ಓಡಿಸುವವರೇ ಗೈಡು. ನಮ್ಮ ರಿಕ್ಷಾದ ಹಿರಿಯರಿಗೆ ಬೈನಾಕ್ಯುಲರ್ ಬೇಕಾಗಲೇ ಇಲ್ಲ. ತುಳಿಯುತ್ತಲೇ ಗಲ್ಲ ಎತ್ತಿ ತೋರಿಸುತ್ತಿದ್ದರು, ಅಲ್ಲಿ ಹಾವಕ್ಕಿ, ಅಲ್ಲಿ ಗೂಬೆ.

ನೀರಿನ ನಡುವಿನ ಜಾಲಿ ಮರಗಳ ಮೇಲೆಲ್ಲ ಬಣ್ಣದ ಕೊಕ್ಕರೆಗಳು. ಬೆಳೆದ ಮರಿಗಳು ಗೂಡಿನಲ್ಲಿ ನಿಂತು ಊಟಕ್ಕಾಗಿ ಒಂದೇ ಸಮ ಕೂಗುತ್ತಿದ್ದವು. ರಂಗನತಿಟ್ಟಿನದೇ ಹಕ್ಕಿ. ಪುಟ್ಟ ನೆಂಟರನ್ನು ಕಂಡವನ ಹಾಗೆ ಹಿಗ್ಗಿದ.

ಕೇವಲಾದೇವ್ ಎಂದರೆ ಶಿವ. ಉದ್ಯಾನದ ನಡುವೆ ಅವನ ಗುಡಿಯಿದೆ. ಅದರ ಹತ್ತಿರ ಕಲ್ಲಿನ ಫಲಕಗಳು. ಇದು ಹಿಂದೆ ರಾಜರ ಬಾತುಕೋಳಿ ಬೇಟೆಯ ಜಾಗ. ಯಾವ ತಾರೀಖಿಗೆ ಯಾವ ದೊರೆ ಬಂದ, ಎಷ್ಟು ಹಕ್ಕಿ ಬಿದ್ದವು ಎಂದು ಕೆತ್ತಿಸಿಟ್ಟಿದ್ದಾರೆ. 1938ರ ಸಾಲಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ. ಒಂದೇ ದಿನ 4,273 ಹಕ್ಕಿಗಳು.

ಪುಟ್ಟ ಆ ಅಂಕಿಯ ಮೇಲೆ ಬೆರಳಿಟ್ಟ. ಖೇತ್‌ವಾಡಿಯ ಪ್ರಶ್ನೆ ವಾಪಸ್ ಬಂತು.

“ಸಲೀಂ ಅಲಿನೂ ಹೊಡೆದವರೇ ಅಲ್ವಾ?”

ಹೌದು, ಹೊಡೆದಿದ್ದಾರೆ. ಜೀವನದಲ್ಲಿ ಸಾವಿರಾರು. ಬೀರಿನಲ್ಲಿ ನಾವು ನೋಡಿದ ತಟ್ಟೆಗಳು ಹಾಗೇ ತುಂಬಿದ್ದು. ಆ ಕಾಲದಲ್ಲಿ ಹಕ್ಕಿಯನ್ನು ಕೈಯಲ್ಲಿ ಹಿಡಿದು ಅಳೆಯದೆ ಇದು ಇಂಥದೇ ಎಂದು ಹೇಳಲು ಬೇರೆ ದಾರಿ ಇರಲಿಲ್ಲ. ಅದನ್ನು ಮುಚ್ಚಿಡಬಾರದು. ನಾನು ಅವನಿಗೆ ಹೇಳಿದ್ದು ಇಷ್ಟೇ: ಆ ಚೀಟಿ ನೆನಪಿದೆಯಾ? ಒಂದೊಂದು ಹಕ್ಕಿಗೂ ಊರು, ತಾರೀಖು ಇತ್ತು. ಇಲ್ಲಿ 4,273ಕ್ಕೂ ಸೇರಿ ಒಂದೇ ಅಂಕಿ.

ಸ್ವಾತಂತ್ರ್ಯ ಬಂದ ಮೇಲೆ ಈ ಕೆರೆಯ ನೀರು ಬಸಿದು ಹೊಲ ಮಾಡಬೇಕೆಂಬ ಕೂಗು ಎದ್ದಿತ್ತು. ಸಲೀಂ ಅಲಿ ನೆಹರೂವರೆಗೂ ಹೋಗಿ ತಡೆದರು. 1956ರಲ್ಲಿ ಪಕ್ಷಿಧಾಮ, 1982ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ವಿಶ್ವ ಪರಂಪರೆಯ ತಾಣ.

ಆರನೇ ದಿನ: ಉಂಗುರ, ಎಮ್ಮೆ, ಗುಬ್ಬಿ

ಆರು ಗಂಟೆಗೇ ಗೇಟಿನಲ್ಲಿದ್ದೆವು. ಮಂಜು. ಚಳಿಗೆ ಪುಟ್ಟನ ಹಲ್ಲು ಕಟಕಟ. ನಿನ್ನೆಯ ಹಿರಿಯರೇ ಕಾಯುತ್ತಿದ್ದರು.

ಮಂಜಿನ ಒಳಗಿಂದ ಮೊದಲು ದನಿ ಬಂತು. ಆಮೇಲೆ ಪಟ್ಟೆ ತಲೆಯ ಹೆಬ್ಬಾತುಗಳ ಒಂದು ಸಾಲು. ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಎಲ್ಲಿಂದ ಬರುತ್ತವೆ ಎಂದು ನಮಗೆ ಗೊತ್ತಾದದ್ದು ಕಾಲಿನ ಉಂಗುರದಿಂದ. ಹಕ್ಕಿ ಹಿಡಿದು ಸಣ್ಣ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಡುವುದು. ಅದರ ಮೇಲೆ ನಂಬರು, ಬೊಂಬಾಯಿ ಸೊಸೈಟಿಗೆ ತಿಳಿಸಿ ಎಂಬ ಮಾತು. ಭರತಪುರದಲ್ಲಿ ತೊಡಿಸಿದ ಉಂಗುರಗಳು ಸೈಬೀರಿಯಾದಲ್ಲಿ ಸಿಕ್ಕಿವೆ.

ಈ ಕೆಲಸ ದೊಡ್ಡದಾಗಿ ಶುರುವಾಗಿದ್ದಕ್ಕೆ ಕಾರಣ ನಮ್ಮ ಮಲೆನಾಡು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಉಣುಗು ಕಚ್ಚಿದರೆ ಬರುವ ಈ ರೋಗದ ವೈರಸ್ಸು ರಷ್ಯಾದ ಕಡೆಯ ಒಂದು ವೈರಸ್ಸನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಜೊತೆ ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಅದನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, ಸಲೀಂ ಅಲಿಯ ಮುಂದಾಳತ್ವದಲ್ಲಿ ಸೊಸೈಟಿ ಹಕ್ಕಿಗಳಿಗೆ ಉಂಗುರ ತೊಡಿಸಿತು. ವೈರಸ್ಸು ಹಕ್ಕಿಗಳು ತಂದದ್ದು ಎಂಬುದಕ್ಕೆ ಪುರಾವೆ ಸಿಗಲಿಲ್ಲ, ಆದರೆ ಹಕ್ಕಿಗಳ ದಾರಿ ತಿಳಿಯಿತು.

ನನ್ನ ಅಮ್ಮನ ತವರು ಸೊರಬ. ಚಿಕ್ಕವಳಿದ್ದಾಗ ರಜೆಗೆ ಹೋದರೆ, ಮಂಗ ಸತ್ತಿದೆ, ಕಾಡಿಗೆ ಹೋಗಬೇಡಿ ಎನ್ನುತ್ತಿದ್ದರು. ಆ ಹೆದರಿಕೆಗೂ ಈ ಮಂಜಿನಲ್ಲಿ ಇಳಿಯುವ ಹೆಬ್ಬಾತಿಗೂ ನಂಟಿದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಒಂಬತ್ತರ ಬಿಸಿಲಿಗೆ ಚಹಾ ಕುಡಿಯುತ್ತಾ ರಿಕ್ಷಾದ ಹಿರಿಯರು ಎಮ್ಮೆಗಳ ಮಾತು ತೆಗೆದರು. ಹಿಂದೆ ಸುತ್ತಲ ಹಳ್ಳಿಯ ಎಮ್ಮೆಗಳು ಇಲ್ಲಿ ಮೇಯುತ್ತಿದ್ದವು. 1982ರಲ್ಲಿ ಮೇಯಿಸುವುದನ್ನು ನಿಲ್ಲಿಸಿದರು. ಜನ ಎದುರು ನಿಂತರು, ಪೊಲೀಸರು ಗುಂಡು ಹಾರಿಸಿದರು, ಹಳ್ಳಿಯವರು ಸತ್ತರು. ಎಮ್ಮೆ ಬೇಡ ಎಂದು ಸಲಹೆ ಕೊಟ್ಟವರಲ್ಲಿ ಸಲೀಂ ಅಲಿಯೂ ಒಬ್ಬರು. ಎಮ್ಮೆ ಹೋದ ಮೇಲೆ ಹುಲ್ಲು ಸಿಕ್ಕಾಪಟ್ಟೆ ಬೆಳೆದು ನೀರನ್ನೇ ಮುಚ್ಚಿತು, ಹಕ್ಕಿಗಳಿಗೆ ಜಾಗ ಕಡಿಮೆಯಾಯಿತು. ಎಮ್ಮೆ ಮೇಯುವುದು ಕೆರೆಗೆ ಒಳ್ಳೆಯದೇ ಆಗಿತ್ತು ಎಂದು ಕಂಡುಕೊಂಡದ್ದು ಸಲೀಂ ಅಲಿಯ ಸೊಸೈಟಿಯವರೇ, ಹತ್ತು ವರ್ಷ ಇಲ್ಲೇ ಕೂತು ಅಧ್ಯಯನ ಮಾಡಿ.

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ನಾನು ಇಷ್ಟಪಡುವ ಮನುಷ್ಯ ಇಲ್ಲಿ ತಪ್ಪಿದರು, ಆ ತಪ್ಪಿಗೆ ಬೆಲೆ ತೆತ್ತವರು ಬಡವರು. ಗೀಜಗನ ಗೂಡಿನ ಮುಂದೆ ತಿಂಗಳುಗಟ್ಟಲೆ ಕೂತು ನೋಡಿದವರು ಎಮ್ಮೆಯನ್ನೂ ಹಾಗೇ ಒಂದು ಮಳೆಗಾಲ ನೋಡಿದ್ದರೆ ಎಂದು ಅನ್ನಿಸದೆ ಇರದು.

ಇಲ್ಲಿ ಈಗ ಸೈಬೀರಿಯಾದ ಬಿಳಿ ಕ್ರೌಂಚ ಬರುವುದಿಲ್ಲ. ಕೊನೆಯ ಸಲ ಕಂಡದ್ದು 2001-02ರ ಚಳಿಗಾಲದಲ್ಲಿ. ಅವು ಇಳಿಯುತ್ತಿದ್ದ ಜಾಗವನ್ನು ಹಿರಿಯರು ರಿಕ್ಷಾ ನಿಲ್ಲಿಸಿ ತೋರಿಸಿದರು. ಬರೀ ನೀರು, ಒಂದು ಜೋಡಿ ಸಾರಸ.

ಮರಳುವ ದಾರಿಯಲ್ಲಿ, ಒಣ ಜಾಲಿ ಮರವೊಂದರ ಹತ್ತಿರ, ಪುಟ್ಟ ನನ್ನ ಮೊಣಕೈ ಹಿಡಿದ. ಮಾತಾಡಲಿಲ್ಲ. ಕಣ್ಣಲ್ಲೇ ತೋರಿಸಿದ. ಕೊಂಬೆಯ ತುದಿಯಲ್ಲಿ ಗುಬ್ಬಚ್ಚಿಯಷ್ಟೇ ಗಾತ್ರದ ಹಕ್ಕಿ. ಬೆನ್ನು ತಿರುಗಿಸಿ ಕೂತಿತ್ತು. ಭುಜದಲ್ಲಿ ಕೆಂಗಂದು, ರೆಕ್ಕೆಯಲ್ಲಿ ಒಂದು ಬಿಳಿ ಗೀರು. ಉಸಿರು ಹಿಡಿದು ಕಾದೆವು. ಅದು ತಿರುಗಿತು, ಕತ್ತು ಎತ್ತಿತು. ಬಿಸಿಲಿಗೆ ಆ ಅರಿಸಿನದ ಕಲೆ ಕಾಣಿಸಿತು.

ಹಿರಿಯರೂ ಪೆಡಲ್ ಮೇಲಿಂದ ಕಾಲು ತೆಗೆದು ಸುಮ್ಮನಿದ್ದರು. ಅದು ಎರಡು ಸಲ ಕೊಕ್ಕು ಕೊಂಬೆಗೆ ಉಜ್ಜಿತು, ಚಿಲಿಪಿಲಿ ಎಂದಿತು, ಹಾರಿ ಪಕ್ಕದ ಮರದ ಪೊಟರೆಗೆ ಹೋಯಿತು.

ಪುಟ್ಟ ನೋಟ್‌ಬುಕ್ ತೆಗೆದ. ಊರು, ಮರ, ಗಂಟೆ, ಗಂಡು ಎಂದು ಬರೆದ. ತಾರೀಖು ಎಷ್ಟು ಎಂದು ಕೇಳಿದ.

“ಹನ್ನೆರಡು” ಎಂದೆ. “ನವೆಂಬರ್ ಹನ್ನೆರಡು.”

ಬರೆದು, ಒಂದು ಗಳಿಗೆ ನನ್ನ ಮುಖ ನೋಡಿ, ಮತ್ತೆ ಆ ಪೊಟರೆಯ ಕಡೆ ತಿರುಗಿ ಕೂತ.